ಹಳೆಯ ಅರಮನೆಗೆ ಗಾಜಿನ ಬಾಗಿಲು

ಹಳೆಯ ತೊಟ್ಟಿಮನೆಗೆ ಹೊಸದಾಗಿ ಒಂದು ಕೋಣೆ ಸೇರಿಸುವುದು ಎಂಥ ತಲೆನೋವಿನ ಕೆಲಸ ಎಂಬುದು ಸೇರಿಸಿದವರಿಗೇ ಗೊತ್ತು. ಹಳೆಯ ಗೋಡೆ ಮಣ್ಣಿನದು, ಎರಡಡಿ ದಪ್ಪ. ಹೊಸದು ಇಟ್ಟಿಗೆ, ಸಿಮೆಂಟಿನದು. ಹಳೆಯ ನೆಲ ಒಂದು ಮಟ್ಟದಲ್ಲಿದ್ದರೆ ಹೊಸ ನೆಲ ಇನ್ನೊಂದು ಮಟ್ಟದಲ್ಲಿ. ಅಲ್ಲಿ ಹೆಂಚು, ಇಲ್ಲಿ ತಾರಸಿ. ಎಷ್ಟೇ ಜಾಣ ಮೇಸ್ತ್ರಿಯನ್ನು ಕರೆಸಿ ಕಟ್ಟಿಸಿದರೂ ಮೊದಲ ಮಳೆಗೆ ನೀರು ಸೋರುವುದು ಹಳೆಯ ಮಾಡಿನಲ್ಲೂ ಅಲ್ಲ, ಹೊಸ ತಾರಸಿಯಲ್ಲೂ ಅಲ್ಲ. ಅವೆರಡೂ ಕೂಡುವ ಜಾಗದಲ್ಲಿ!

ತೊಟ್ಟಿಮನೆಯ ಬದಲು ಅದು ಎಂಟುನೂರು ವರ್ಷಗಳ ಅರಮನೆಯಾಗಿದ್ದರೆ? ಸೇರಿಸಬೇಕಾದದ್ದು ಒಂದು ಕೋಣೆಯ ಬದಲು ವರ್ಷಕ್ಕೆ ನಲವತ್ತು ಲಕ್ಷ ಜನ ಬಂದುಹೋಗುವಂಥ ಹಜಾರವಾಗಿದ್ದರೆ? ಹಳೆಯ ಗೋಡೆಯ ಅಂದ ಕೆಡಬಾರದು ಎಂದು ಇಡೀ ದೇಶವೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರೆ? ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಕಳೆದ ಅರ್ಧ ಶತಮಾನದಲ್ಲಿ ಒಂದಲ್ಲ ಒಂದು ರೀತಿಯಲ್ಲಿ ಎದುರಿಸಿದ ಸಮಸ್ಯೆ ಇದು.

ಈ ಸಮಸ್ಯೆಗೆ ಉತ್ತರವಾಗಿ ಎದ್ದು, ಮೊದಲು ಯಥೇಚ್ಛವಾಗಿ ಬೈಸಿಕೊಂಡು ಆಮೇಲೆ ಅಷ್ಟೇ ಹೊಗಳಿಸಿಕೊಂಡ ಕಟ್ಟಡವೆಂದರೆ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಅಂಗಳದಲ್ಲಿರುವ ಗಾಜಿನ ಪಿರಮಿಡ್. 1989ರಲ್ಲಿ ಜನರಿಗೆ ತೆರೆದ ಅದರ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಸಿನಿಮಾದಲ್ಲೋ ನೋಡದವರು ವಿರಳ. ಆದರೆ ಚಿತ್ರದಲ್ಲಿ ಕಾಣುವುದು ಅದರ ತಲೆ ಮಾತ್ರ. ನಿಜವಾದ ವಿಸ್ತರಣೆ ಇರುವುದು ನೆಲದ ಕೆಳಗೆ. ಹಳೆಯದಕ್ಕೂ ಹೊಸದಕ್ಕೂ ಅಲ್ಲಿ ಹೇಗೆ ನಂಟು ಬೆಳೆಸಿದರು ಎಂಬುದನ್ನು ಅರಿಯಬೇಕಾದರೆ ಆಕಾರದ ಜಗಳವನ್ನು ಸ್ವಲ್ಪ ಬದಿಗಿಟ್ಟು, ಒಳಗೆ ಹೋಗುವ ಮನುಷ್ಯನ ಹಿಂದೆ ನಾವೂ ನಡೆದು ನೋಡಬೇಕು.

ಸಂಗ್ರಹಾಲಯ ಬೆಳೆಯುವುದೇಕೆ?

ಚಿತ್ರ, ಶಿಲ್ಪಗಳನ್ನಿಡಲು ಜಾಗ ಸಾಲದು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನೋಡಲು ಬರುವ ಜನ. ಹೆಸರಾಂತ ಸಂಗ್ರಹಾಲಯಗಳಲ್ಲಿ ಅನೇಕವು ಒಂದು ಕಾಲದಲ್ಲಿ ಅರಮನೆಗಳಾಗಿದ್ದವು, ಶ್ರೀಮಂತರ ಬಂಗಲೆಗಳಾಗಿದ್ದವು. ರಾಜನ ಮನೆಗೆ ಟಿಕೆಟ್ ಕೌಂಟರ್ ಬೇಕಿರಲಿಲ್ಲ. ಚೀಲ ಇಟ್ಟುಹೋಗುವ ಕೋಣೆ, ನೂರಾರು ಜನರಿಗೆ ಶೌಚಾಲಯ, ಹೋಟೆಲ್, ಪುಸ್ತಕದ ಅಂಗಡಿ, ಉಪನ್ಯಾಸ ಮಂದಿರ, ಗಾಲಿಕುರ್ಚಿಯವರಿಗೆ ಲಿಫ್ಟ್, ಚಿತ್ರಗಳನ್ನು ದುರಸ್ತಿ ಮಾಡುವ ಪ್ರಯೋಗಶಾಲೆ, ತೇವ ತಗುಲದ ಉಗ್ರಾಣ - ಇವೆಲ್ಲ ಇಪ್ಪತ್ತನೇ ಶತಮಾನದ ಬೇಡಿಕೆಗಳು. ಇವನ್ನೆಲ್ಲ ಹಳೆಯ ಅರಮನೆಯ ಕೋಣೆಗಳಲ್ಲೇ ತುರುಕಿದರೆ ಅರಮನೆ ಉಳಿಯುವುದಿಲ್ಲ. ತುರುಕದಿದ್ದರೆ ಸಂಗ್ರಹಾಲಯ ನಡೆಯುವುದಿಲ್ಲ.

ಆಗ ವಾಸ್ತುಶಿಲ್ಪಿಯ ಮುಂದೆ ಸ್ಥೂಲವಾಗಿ ಮೂರು ದಾರಿಗಳಿರುತ್ತವೆ. ಒಂದು, ಹಳೆಯದರ ಹಾಗೆಯೇ ಕಾಣುವ ಹೊಸದನ್ನು ಕಟ್ಟುವುದು. ನೋಡುವವರಿಗೆ ವ್ಯತ್ಯಾಸ ತಿಳಿಯದು. ಆದರೆ ಚರಿತ್ರೆಯನ್ನೇ ತೋರಿಸಬೇಕಾದ ಕಟ್ಟಡ ತನ್ನ ವಯಸ್ಸಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ. ಎರಡು, ಹಳೆಯದಕ್ಕೆ ತೀರ ಬೇರೆಯಾದ ಹೊಸದನ್ನು ಎದುರಿಗೇ ನಿಲ್ಲಿಸುವುದು. ಇದರಲ್ಲಿ ಸುಳ್ಳಿಲ್ಲ, ಆದರೆ ಹೊಸದು ಹಳೆಯದರ ಮೇಲೆ ಕೂಗಾಡುವ ಅಪಾಯ ಉಂಟು. ಮೂರು, ಹೊಸದನ್ನು ನೆಲದಡಿಗೋ ಹಿತ್ತಲಿಗೋ ಸರಿಸಿ ಅಡಗಿಸುವುದು. ಅಡಗಿಸಿದ್ದಕ್ಕೆ ಬಾಗಿಲು ಎಲ್ಲಿದೆ ಎಂದು ಬಂದವರಿಗೆ ತಿಳಿಯುವುದು ಹೇಗೆ ಎಂಬುದು ಅದರ ತೊಡಕು. ಲೂವ್ರ್‌ನಲ್ಲಿ ಎರಡನೆಯ ಮತ್ತು ಮೂರನೆಯ ದಾರಿಗಳು ಒಂದುಗೂಡಿವೆ.

ಎಂಟು ಶತಮಾನಗಳ ಜೋಡಣೆ

ಲೂವ್ರ್ ಒಬ್ಬ ರಾಜ ಕಟ್ಟಿದ ಒಂದು ಅರಮನೆಯಲ್ಲ. ಸುಮಾರು 1190ರಲ್ಲಿ ಎರಡನೇ ಫಿಲಿಪ್ ದೊರೆ ಪ್ಯಾರಿಸ್ ಪಟ್ಟಣದ ಕಾವಲಿಗೆಂದು ಸೇನ್ ನದಿಯ ದಂಡೆಯಲ್ಲಿ ಕೋಟೆ ಕಟ್ಟಿಸಿದ. ಹದಿನಾಲ್ಕನೇ ಶತಮಾನದಲ್ಲಿ ಐದನೇ ಚಾರ್ಲ್ಸ್ ಅದನ್ನು ವಾಸದ ಮನೆ ಮಾಡಿಕೊಂಡ. ಒಂದನೇ ಫ್ರಾನ್ಸಿಸ್ ಕೋಟೆಯ ನಡುವಿನ ದೊಡ್ಡ ಗೋಪುರವನ್ನು 1528ರಲ್ಲಿ ಕೆಡವಿಸಿದ. 1546ರಲ್ಲಿ ಹೊಸ ಅರಮನೆಯ ಕೆಲಸವನ್ನು ಪಿಯರ್ ಲೆಸ್ಕೋ ಎಂಬ ವಾಸ್ತುಶಿಲ್ಪಿಗೆ ವಹಿಸಿದ. ನಾಲ್ಕನೇ ಹೆನ್ರಿಯ ಕಾಲದಲ್ಲಿ ನದಿಯುದ್ದಕ್ಕೂ ಅರ್ಧ ಕಿಲೋಮೀಟರಿಗೆ ಹತ್ತಿರದ ಉದ್ದನೆಯ ಮೊಗಸಾಲೆ ಬೆಳೆದು, ಪಶ್ಚಿಮಕ್ಕಿದ್ದ ಟ್ವೀಲರಿ ಅರಮನೆಯನ್ನು ಲೂವ್ರ್‌ಗೆ ಜೋಡಿಸಿತು. ಹದಿನಾಲ್ಕನೇ ಲೂಯಿ ಪೂರ್ವದ ಮುಖಕ್ಕೆ ಭವ್ಯವಾದ ಕಂಬಸಾಲು ಕಟ್ಟಿಸಿದ. ಅದಕ್ಕೆ ಮುನ್ನ 1665ರಲ್ಲಿ ಇಟಲಿಯಿಂದ ಬರ್ನೀನಿಯಂಥ ಮಹಾಶಿಲ್ಪಿಯನ್ನೇ ಕರೆಸಿ, ಅವನ ನಕ್ಷೆಯನ್ನು ಕೊನೆಗೆ ಕೈಬಿಟ್ಟಿದ್ದ. ಕಟ್ಟಡ ಮುಗಿಯುವ ಮೊದಲೇ ರಾಜನ ಮನಸ್ಸು ವರ್ಸೇಲ್ಸ್ ಕಡೆ ತಿರುಗಿ 1682ರಲ್ಲಿ ಆಸ್ಥಾನವೇ ಅಲ್ಲಿಗೆ ಹೋಯಿತು.

ಕ್ರಾಂತಿಯ ನಂತರ, 1793ರ ಆಗಸ್ಟ್ 10ರಂದು, ರಾಜರ ಚಿತ್ರಗಳನ್ನು ಜನ ನೋಡಲೆಂದು ಲೂವ್ರ್ ಸಂಗ್ರಹಾಲಯವಾಗಿ ತೆರೆಯಿತು. ಅರಸೊತ್ತಿಗೆ ಉರುಳಿ ಅಂದಿಗೆ ಸರಿಯಾಗಿ ಒಂದು ವರ್ಷ. 1850ರ ದಶಕದಲ್ಲಿ ಮೂರನೇ ನೆಪೋಲಿಯನ್ ಉತ್ತರದ ಅಂಗವನ್ನೂ ಪೂರ್ಣಗೊಳಿಸಿ ಎರಡು ಅರಮನೆಗಳನ್ನು ಸುತ್ತಲಿಂದಲೂ ಕೂಡಿಸಿದ. ಆ ಕೂಡಿಕೆ ಬಹಳ ಕಾಲ ಉಳಿಯಲಿಲ್ಲ. 1871ರ ಪ್ಯಾರಿಸ್ ದಂಗೆಯಲ್ಲಿ ಟ್ವೀಲರಿ ಅರಮನೆಗೆ ಬೆಂಕಿ ಬಿತ್ತು. 1883ರಲ್ಲಿ ಅದರ ಅವಶೇಷಗಳನ್ನೂ ನೆಲಸಮ ಮಾಡಿದರು. ಹೀಗೆ ಪಶ್ಚಿಮದ ಬದಿ ಬಯಲಾಗಿ, ಮೂರು ಕಡೆ ಕಟ್ಟಡವಿದ್ದು ಒಂದು ಕಡೆ ತೆರೆದ ಅಂಗಳ ಉಳಿಯಿತು.

ಈ ವಂಶಾವಳಿಯನ್ನು ಇಷ್ಟು ಹೇಳಲು ಕಾರಣವಿದೆ. ಹೊಸದನ್ನು ಸೇರಿಸುವುದು ಲೂವ್ರ್‌ಗೆ ಅಪಚಾರ ಎಂದು 1980ರ ದಶಕದಲ್ಲಿ ಕೂಗೆದ್ದಿತು. ಆದರೆ ಲೂವ್ರ್ ಇರುವುದೇ ಸೇರ್ಪಡೆಗಳಿಂದ. ನಮಗೆ ಇದು ಹೊಸ ಮಾತೇನಲ್ಲ. ಹಂಪಿಯ ವಿರೂಪಾಕ್ಷನ ಗುಡಿ ವಿಜಯನಗರಕ್ಕಿಂತಲೂ ಹಳೆಯದು. ಅದರ ರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ. ಎರಡೂ ಒಂದೇ ಕಾಲದವಲ್ಲ ಎಂದು ಇಂದು ಯಾರೂ ಕೊರಗುವುದಿಲ್ಲ.

ಬಾಗಿಲಿಲ್ಲದ ಮನೆ

1981ರಲ್ಲಿ ಫ್ರಾನ್ಸಿನ ಅಧ್ಯಕ್ಷರಾದ ಫ್ರಾಂಸ್ವಾ ಮಿತ್ತರಾಂ ಅದೇ ಸೆಪ್ಟೆಂಬರಿನಲ್ಲಿ ಒಂದು ಘೋಷಣೆ ಮಾಡಿದರು: ಇಡೀ ಲೂವ್ರ್ ಸಂಗ್ರಹಾಲಯಕ್ಕೇ ಸೇರಬೇಕು. ಕೇಳಿದವರಿಗೆ ಅಚ್ಚರಿಯಾದೀತು, ಅಲ್ಲಿಯವರೆಗೆ ಉತ್ತರದ ಅಂಗದಲ್ಲಿ ಹಣಕಾಸು ಸಚಿವಾಲಯ ನೆಲೆಸಿತ್ತು! ಗುಮಾಸ್ತರ ಕಡತಗಳು ಒಂದು ಕಡೆ, ಮೋನಾ ಲೀಸಾ ಇನ್ನೊಂದು ಕಡೆ. ನಡುವಿನ ಅಂಗಳ ಸಚಿವಾಲಯದ ನೌಕರರ ಕಾರು ನಿಲ್ಲಿಸುವ ಜಾಗವಾಗಿತ್ತು.

ಸಂಗ್ರಹಾಲಯದ ಪಾಡು ಹೀಗಿತ್ತು: ಉದ್ದೋ ಉದ್ದ ಕಟ್ಟಡ, ಆದರೆ ಇದೇ ಬಾಗಿಲು ಎಂದು ಕೈತೋರಿಸಬಹುದಾದ ಒಂದು ಹೆಬ್ಬಾಗಿಲಿಲ್ಲ. ಇದ್ದ ಬಾಗಿಲುಗಳು ಯಾವುದೋ ಮೂಲೆಯಲ್ಲಿ. ಒಳಹೊಕ್ಕವರು ಮೈಲಿಗಟ್ಟಲೆ ನಡೆದು ದಾರಿ ತಪ್ಪುತ್ತಿದ್ದರು. ಉಗ್ರಾಣ, ದುರಸ್ತಿಯ ಕೋಣೆ, ಕುಳಿತು ಕಾಫಿ ಕುಡಿಯುವ ಜಾಗ ಎಲ್ಲಕ್ಕೂ ತತ್ವಾರ. ನಾಟಕದ ಭಾಷೆಯಲ್ಲಿ ಹೇಳುವುದಾದರೆ ರಂಗದ ಮೇಲೆ ಎಲ್ಲವೂ ಇತ್ತು, ನೇಪಥ್ಯವೇ ಇರಲಿಲ್ಲ.

ಈ ಕೆಲಸಕ್ಕೆ ಮಿತ್ತರಾಂ 1983ರಲ್ಲಿ ಆರಿಸಿದ್ದು ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಐ.ಎಂ. ಪೇ ಅವರನ್ನು. ಸ್ಪರ್ಧೆ ನಡೆಸದೆ ನೇರವಾಗಿ ಕರೆದದ್ದೇ ಒಂದು ವಿವಾದವಾಯಿತು. ಪೇ ಕೂಡ ಕೂಡಲೇ ಒಪ್ಪಲಿಲ್ಲ. ಕೆಲವು ತಿಂಗಳ ಕಾಲಾವಕಾಶ ಕೇಳಿ, ಯಾರಿಗೂ ಸುಳಿವು ಕೊಡದೆ ಮತ್ತೆ ಮತ್ತೆ ಲೂವ್ರ್‌ಗೆ ಹೋಗಿ ಸುತ್ತಾಡಿ ಬಂದ ಮೇಲೆಯೇ ಹ್ಞೂಂ ಎಂದರು.

ವಾಷಿಂಗ್ಟನ್ನಿನ ತಾಲೀಮು

ಪೇ ಅವರಿಗೆ ಇಂಥ ಕೆಲಸದ ಅನುಭವವಿತ್ತು. ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯ ಹಳೆಯ ಕಟ್ಟಡ 1941ರದು. ಜಾನ್ ರಸೆಲ್ ಪೋಪ್ ಎಂಬವರು ರೋಮನ್ ಮಾದರಿಯಲ್ಲಿ, ಗುಮ್ಮಟ ಕಂಬಗಳನ್ನಿಟ್ಟು ಕಟ್ಟಿದ್ದು. ಅದರ ಪೂರ್ವಕ್ಕೆ, ರಸ್ತೆಯಾಚೆಗೆ, ಪೇ ಅವರ ಹೊಸ ಕಟ್ಟಡ 1978ರಲ್ಲಿ ತೆರೆಯಿತು. ಅದು ಮೂಲೆ ಮೂಲೆಯೂ ಚೂಪಾದ ತ್ರಿಕೋನಗಳ ಕಟ್ಟಡ. ಹಳೆಯದಕ್ಕೂ ಅದಕ್ಕೂ ಮೇಲ್ನೋಟಕ್ಕೆ ಹೋಲಿಕೆಯೇ ಇಲ್ಲ.

ಆದರೆ ಸೂಕ್ಷ್ಮವಾಗಿ ನೋಡಿದರೆ ಮೂರು ಗಂಟುಗಳು ಕಾಣುತ್ತವೆ. ಹಳೆಯ ಕಟ್ಟಡದ ನಡುವಿನ ಗೆರೆಯನ್ನೇ ಮುಂದಕ್ಕೆಳೆದು ಹೊಸದರ ನಡುಗೆರೆ ಮಾಡಿಕೊಂಡಿದ್ದಾರೆ. ಕಲ್ಲು ಎರಡಕ್ಕೂ ಒಂದೇ, ಟೆನೆಸಿ ರಾಜ್ಯದ ನಸುಗೆಂಪು ಅಮೃತಶಿಲೆ. ಇನ್ನು ನಡೆಯುವ ದಾರಿ ರಸ್ತೆಯ ಅಡಿಯಲ್ಲಿದೆ. ಆ ನೆಲಮಾಳಿಗೆಗೆ ಬೆಳಕು ಇಳಿಯಲೆಂದು ಮೇಲಿನ ಅಂಗಳದಲ್ಲಿ ಪುಟ್ಟ ಪುಟ್ಟ ಗಾಜಿನ ಪಿರಮಿಡ್‌ಗಳಿವೆ. ಪ್ಯಾರಿಸ್ಸಿನ ಪಿರಮಿಡ್ ಆಕಾಶದಿಂದ ಉದುರಿದ್ದಲ್ಲ. ಅದರ ತಾಲೀಮು ವಾಷಿಂಗ್ಟನ್ನಿನಲ್ಲಿ ಆಗಲೇ ನಡೆದಿತ್ತು.

ಪ್ಯಾರಿಸ್ಸಿನ ರಾದ್ಧಾಂತ

1984ರ ಜನವರಿಯಲ್ಲಿ ಪೇ ತಮ್ಮ ನಕ್ಷೆಯನ್ನು ಐತಿಹಾಸಿಕ ಸ್ಮಾರಕಗಳ ಆಯೋಗದ ಮುಂದಿಟ್ಟಾಗ ಸಭೆಯಲ್ಲಿ ಕೋಲಾಹಲವಾಯಿತು. ಪತ್ರಿಕೆಗಳು ಹರಿಹಾಯ್ದವು. ಪಿರಮಿಡ್ ಎಂದರೆ ಗೋರಿ, ಲೂವ್ರ್‌ನ ಎದೆಯ ಮೇಲೆ ಗೋರಿ ಕಟ್ಟುತ್ತಾರೆಯೇ ಎಂದರು ಕೆಲವರು. ಮಿತ್ತರಾಂ ತಮ್ಮನ್ನು ಈಜಿಪ್ಟಿನ ಫೆರೋ ಎಂದುಕೊಂಡಿದ್ದಾರೆ ಎಂದರು ಇನ್ನು ಕೆಲವರು. ಚೀನಾ ಮೂಲದ ಅಮೆರಿಕನ್ನನಿಗೆ ಫ್ರೆಂಚರ ಅರಮನೆಯ ಮರ್ಮ ಏನು ಗೊತ್ತು ಎಂಬ ಕುಹಕವೂ ಕೇಳಿಬಂತು. ಸಂಗ್ರಹಾಲಯದ ನಿರ್ದೇಶಕ ಆಂಡ್ರೆ ಶಬೋ ಈ ಯೋಜನೆಯನ್ನು ಪ್ರತಿಭಟಿಸಿ 1983ರಲ್ಲೇ ರಾಜೀನಾಮೆ ಕೊಟ್ಟಿದ್ದರು. ಕಲಾ ಇತಿಹಾಸಕಾರರು ಸೇರಿ ವಿರೋಧವಾಗಿ ಪುಸ್ತಕವನ್ನೇ ಬರೆದರು.

ಆಗ ಪ್ಯಾರಿಸ್ಸಿನ ಮೇಯರ್ ಆಗಿದ್ದವರು ಮಿತ್ತರಾಂ ಅವರ ರಾಜಕೀಯ ಎದುರಾಳಿ ಜಾಕ್ ಶಿರಾಕ್. ಪಿರಮಿಡ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಜಾಗದಲ್ಲೇ ತೋರಿಸಿ ಎಂದು ಅವರು ಕೇಳಿದರು. 1985ರ ಮೇ ತಿಂಗಳಲ್ಲಿ ಒಂದು ಕ್ರೇನ್ ತರಿಸಿ, ಅಂಗಳದ ನಡುವೆ ನಾಲ್ಕು ಹಗ್ಗಗಳನ್ನು ಮೇಲಕ್ಕೆ ಬಿಗಿದು ಪಿರಮಿಡ್ಡಿನ ನಿಜ ಗಾತ್ರದ ಗೆರೆಗಳನ್ನು ಗಾಳಿಯಲ್ಲಿ ಮೂಡಿಸಿದರು. ನೋಡಲು ಸುಮಾರು 60,000 ಜನ ಬಂದರು. ಅರಮನೆ ಮರೆಯಾಗುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ಗದ್ದಲ ಎಷ್ಟೋ ಇಳಿಯಿತು. ವಾದವಿವಾದಗಳಿಗೆ ಬಗ್ಗದ್ದನ್ನು ನಾಲ್ಕು ಹಗ್ಗಗಳು ಬಗೆಹರಿಸಿದವು! ಸಾರ್ವಜನಿಕ ಕಟ್ಟಡ ಕಟ್ಟುವವರೆಲ್ಲ ನೆನಪಿಡಬೇಕಾದ ಘಟನೆ ಇದು.

ಪಿರಮಿಡ್ ಮಾಡುವ ಕೆಲಸ

ಅಷ್ಟಕ್ಕೂ ಪಿರಮಿಡ್ಡೇ ಏಕೆ? ಪೇ ಅವರ ಲೆಕ್ಕಾಚಾರ ಸರಳ. ಅಂಗಳದಲ್ಲಿ ಏನು ಎದ್ದರೂ ಅರಮನೆ ಮರೆಯಾಗುತ್ತದೆ. ಆದ್ದರಿಂದ ಬೇಕಾದ್ದನ್ನೆಲ್ಲ ನೆಲದಡಿಗೆ ಇಳಿಸಬೇಕು. ನೆಲದಡಿಯ ಜಾಗ ಸುರಂಗದಂತಾಗಬಾರದು ಎಂದರೆ ಬೆಳಕು ಬೇಕು. ದೂರದಿಂದಲೇ ಇದು ಬಾಗಿಲು ಎಂದು ಗೊತ್ತಾಗಬೇಕು. ಚೌಕ ಪೆಟ್ಟಿಗೆಯಂಥ ಗಾಜಿನ ಮನೆ ಇಟ್ಟರೆ ಮೇಲಿನವರೆಗೂ ಒಂದೇ ದಪ್ಪ, ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ಪಿರಮಿಡ್ ಮೇಲೇರಿದಂತೆ ಕಿರಿದಾಗುತ್ತದೆ, ಎರಡೂ ಬದಿಗೆ ಅರಮನೆ ಕಾಣುತ್ತದೆ. ಇಳಿಜಾರಾದ ಗಾಜಿನಲ್ಲಿ ಆಕಾಶ, ಮೋಡಗಳು ಪ್ರತಿಬಿಂಬಿಸುತ್ತವೆ.

ಅಳತೆ ಹೇಳುವುದಾದರೆ ಎತ್ತರ 21 ಮೀಟರಿಗಿಂತ ತುಸು ಹೆಚ್ಚು, ತಳದ ಒಂದೊಂದು ಬದಿ ಸುಮಾರು 35 ಮೀಟರ್. ಗಾಜಿನ ಫಲಕಗಳು ಒಟ್ಟು 673. ಅವುಗಳಲ್ಲಿ 603 ವಜ್ರಾಕೃತಿಯವು, 70 ತ್ರಿಕೋನಗಳು. ಫಲಕಗಳು ಸರಿಯಾಗಿ 666, ಅದು ಸೈತಾನನ ಸಂಖ್ಯೆ ಎಂಬ ಗಾಳಿಸುದ್ದಿ ಇಂದಿಗೂ ಓಡಾಡುತ್ತಿದೆ. ಎಣಿಸಿ ನೋಡುವ ತಾಳ್ಮೆ ಯಾರಿಗಿದೆ?

ಗಾಜಿನದೂ ಒಂದು ಕಥೆ. ಸಾಮಾನ್ಯ ಗಾಜಿನ ಅಂಚನ್ನು ಗಮನಿಸಿ, ನಸುಹಸಿರಾಗಿರುತ್ತದೆ. ಗಾಜು ಮಾಡುವ ಮರಳಿನಲ್ಲಿ ಬೆರೆತ ಕಬ್ಬಿಣದ ಅಂಶವೇ ಅದಕ್ಕೆ ಕಾರಣ. ಹಸಿರು ಗಾಜಿನ ಮೂಲಕ ನೋಡಿದರೆ ಅರಮನೆಯ ಜೇನುಬಣ್ಣದ ಕಲ್ಲು ರೋಗಿಯ ಮುಖದಂತೆ ಕಂಡೀತು ಎಂದು ಪೇ ಪಟ್ಟು ಹಿಡಿದರು. ಕೊನೆಗೆ ಸಾಂ ಗೋಬಾಂ ಕಂಪೆನಿ ಬಣ್ಣವೇ ಇಲ್ಲದಂಥ ಗಾಜನ್ನು ಇದಕ್ಕೆಂದೇ ತಯಾರಿಸಿಕೊಟ್ಟಿತು. ಈ ಕಂಪೆನಿ ಹುಟ್ಟಿದ್ದು 1665ರಲ್ಲಿ, ಹದಿನಾಲ್ಕನೇ ಲೂಯಿಯ ಆಳ್ವಿಕೆಯಲ್ಲಿ; ವರ್ಸೇಲ್ಸ್ ಅರಮನೆಯ ಕನ್ನಡಿಗಳ ಸಭಾಂಗಣಕ್ಕೆ ಕನ್ನಡಿ ಒದಗಿಸಿದ್ದೂ ಅದೇ. ಇಪ್ಪತ್ತನೇ ಶತಮಾನದ ಗಾಜಿನಲ್ಲೂ ಹಳೆಯ ಅರಮನೆಯ ನೆಂಟಸ್ತಿಕೆ ಹೀಗೆ ಉಳಿದಿದೆ.

ಗಾಜನ್ನು ಹಿಡಿದ ಉಕ್ಕಿನ ಚೌಕಟ್ಟು ಕಣ್ಣಿಗೆ ರಾಚಬಾರದಲ್ಲ? ಅದಕ್ಕೆ ದಪ್ಪ ತೊಲೆಗಳ ಬದಲು ತೆಳುವಾದ ಸರಳುಗಳ ಬಲೆ ಹೆಣೆದರು. ಸರಳುಗಳ ಗಂಟುಗಳನ್ನು ತಯಾರಿಸಿದ್ದು ಹಾಯಿದೋಣಿಗಳಿಗೆ ಲೋಹದ ಹಗ್ಗಪಟ್ಟಿ ಮಾಡಿಕೊಡುವ ಅಮೆರಿಕದ ಸಂಸ್ಥೆ.

ಈಗ ಒಳಗೆ ಇಳಿಯೋಣ. ಸುರುಳಿಯಾದ ಮೆಟ್ಟಿಲು, ಅದರ ನಡುವೆ ಗಾಲಿಕುರ್ಚಿಯವರಿಗೆಂದು ಕಂಬದಂತೆ ಏರಿಳಿಯುವ, ಮೇಲೆ ಮುಚ್ಚಿಗೆಯೇ ಇಲ್ಲದ ಲಿಫ್ಟ್. ಕೆಳಗೆ ವಿಶಾಲವಾದ ಹಜಾರ. ಟಿಕೆಟ್, ಪುಸ್ತಕದಂಗಡಿ, ಕಾಫಿ ಎಲ್ಲ ಇಲ್ಲೇ. ಹಜಾರದಿಂದ ಮೂರು ದಿಕ್ಕಿಗೆ ಮೂರು ದಾರಿ: ದಕ್ಷಿಣದ ಡೆನೋಂ ಅಂಗಕ್ಕೆ ಒಂದು, ಪೂರ್ವದ ಸುಲ್ಲಿ ಅಂಗಕ್ಕೆ ಒಂದು, ಉತ್ತರದ ರಿಶಲ್ಯೂ ಅಂಗಕ್ಕೆ ಒಂದು. ಅಂಗಳದ ಮಧ್ಯದಲ್ಲಿ ನಿಂತವನಿಗೆ ಮೂರೂ ಹತ್ತಿರ. ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲೆಳೆಯಬೇಕಿದ್ದ ಅರಮನೆ ಈಗ ಅಂಗೈಯ ಬೆರಳುಗಳಂತೆ ಒಂದೇ ಕಡೆಯಿಂದ ಹರಡಿಕೊಂಡಿತು. ಹಣಕಾಸು ಸಚಿವಾಲಯ ಬೇರೆ ಕಡೆ ಹೋಗಿ, 1993ರ ನವೆಂಬರಿನಲ್ಲಿ ರಿಶಲ್ಯೂ ಅಂಗವೂ ಸಂಗ್ರಹಾಲಯವಾಗಿ ತೆರೆದಾಗ ಈ ಯೋಜನೆಯ ಅರ್ಥ ಪೂರ್ತಿಯಾಯಿತು.

ಇನ್ನೊಂದು ಸಣ್ಣ ಸಂಗತಿ. ಲೂವ್ರ್‌ನ ಅಂಗಳದ ನಡುಗೆರೆ, ಪಶ್ಚಿಮಕ್ಕೆ ಶಾಂಜ್ ಎಲಿಜೆ ರಸ್ತೆಗುಂಟ ಸಾಗುವ ಪ್ಯಾರಿಸ್ಸಿನ ಮಹಾರೇಖೆಯ ನೇರಕ್ಕಿಲ್ಲ, ಕೊಂಚ ಓರೆ. ಪಿರಮಿಡ್ ಅಂಗಳದ ಗೆರೆಗೆ ನಿಷ್ಠವಾದರೆ ಊರಿನ ಗೆರೆ ತುಂಡಾಗುತ್ತದೆ. ಪೇ ಏನು ಮಾಡಿದರು? ಊರಿನ ಗೆರೆ ಅಂಗಳವನ್ನು ಸೇರುವೆಡೆ ಕುದುರೆಯೇರಿದ ಹದಿನಾಲ್ಕನೇ ಲೂಯಿಯ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅದರ ಮೂಲ ಶಿಲ್ಪಿ, 1665ರಲ್ಲಿ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ್ದ ಅದೇ ಬರ್ನೀನಿ!

ಅಗೆದಾಗ ಸಿಕ್ಕ ಕೋಟೆ

ಹಳೆಯದರ ಪಕ್ಕ ಹೊಸದನ್ನು ಕಟ್ಟಿದರೆ ಹಳೆಯದಕ್ಕೆ ನಷ್ಟ ಎಂಬುದು ಸಾಮಾನ್ಯ ಭಯ. ಲೂವ್ರ್‌ನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ನೆಲಮಾಳಿಗೆ ಕಟ್ಟುವ ಮೊದಲು, 1983ರಿಂದ ಮುಂದೆ, ಪುರಾತತ್ವಜ್ಞರು ಅಂಗಳಗಳನ್ನು ಅಗೆದರು. ಪೂರ್ವದ ಚೌಕ ಅಂಗಳದ ಅಡಿಯಲ್ಲಿ ಫಿಲಿಪ್ ದೊರೆಯ ಕೋಟೆಯ ಗೋಡೆಗಳು, ಕಂದಕ, 1528ರಲ್ಲಿ ಕೆಡವಿದ್ದ ಮಹಾಗೋಪುರದ ತಳ ಹೊರಬಂದವು. ಗೋಪುರದ ಬಾವಿಯಲ್ಲಿ ಆರನೇ ಚಾರ್ಲ್ಸ್ ದೊರೆಯ ಚಿನ್ನದ ಲೇಪದ ಶಿರಸ್ತ್ರಾಣದ ಚೂರುಗಳು ಸಿಕ್ಕವು. ಶತಮಾನಗಳಿಂದ ಯಾರೂ ಕಾಣದಿದ್ದ ಆ ಕೋಟೆಯನ್ನು ಮುಚ್ಚದೆ, ಸಂಗ್ರಹಾಲಯದ ದಾರಿಗೇ ಸೇರಿಸಿದರು. ಪಿರಮಿಡ್ಡಿನಡಿಯ ಹಜಾರದಿಂದ ಸುಲ್ಲಿ ಅಂಗದ ಕಡೆ ಹೊರಟವರು ಸ್ವಲ್ಪ ಹೊತ್ತಿನಲ್ಲೇ ಕಂದಕದೊಳಗೆ ನಿಂತು, ಹನ್ನೆರಡನೇ ಶತಮಾನದ ಕಲ್ಲುಕುಟಿಗರು ಕಲ್ಲಿನ ಮೇಲೆ ಕೊರೆದ ಗುರುತುಗಳನ್ನು ನೋಡಬಹುದು. ಹೊಸ ಬಾಗಿಲು ಮೊದಲು ಕರೆದೊಯ್ಯುವುದು ಅತಿ ಹಳೆಯ ಗೋಡೆಗೆ. ಹಳೆಯದನ್ನೂ ಹೊಸದನ್ನೂ ಜೋಡಿಸುವುದು ಎಂದರೆ ಇದು.

ಲಂಡನ್ನಿನ ಎರಡು ಪಾಠ

ಲಂಡನ್ನಿನಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರಗಳು ಹೊರಟವು. ಬ್ರಿಟಿಷ್ ಮ್ಯೂಸಿಯಮ್ಮಿನ ನಡು ಅಂಗಳವನ್ನು 1857ರ ದುಂಡನೆಯ ವಾಚನಾಲಯವೂ ಅದರ ಸುತ್ತಲಿನ ಪುಸ್ತಕದ ಕಪಾಟುಗಳೂ ನುಂಗಿಬಿಟ್ಟಿದ್ದವು. 1990ರ ದಶಕದ ಕೊನೆಗೆ ಗ್ರಂಥಾಲಯ ಬೇರೆ ಕಟ್ಟಡಕ್ಕೆ ಹೋದಾಗ, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಕಪಾಟುಗಳನ್ನು ತೆಗೆಸಿ ಇಡೀ ಅಂಗಳಕ್ಕೆ ಗಾಜಿನ ಮಾಡು ಹೊದಿಸಿದರು. 2000ದಲ್ಲಿ ತೆರೆದ ಆ ಮಾಡಿಗೆ 3,312 ಗಾಜಿನ ತ್ರಿಕೋನಗಳು. ದುಂಡು ಕಟ್ಟಡ ಚೌಕ ಅಂಗಳದ ಸರಿ ಮಧ್ಯದಲ್ಲಿಲ್ಲದ ಕಾರಣ ಒಂದು ಇದ್ದಂತೆ ಇನ್ನೊಂದಿಲ್ಲ. ತೊಟ್ಟಿಮನೆಯ ತೊಟ್ಟಿಗೆ ಗಾಜು ಹೊದಿಸಿದಂತೆ ಎನ್ನಬಹುದು. ಅಲ್ಲಿ ಎಡವಿದ್ದು ಗಾಜಿನಲ್ಲಲ್ಲ, ಕಲ್ಲಿನಲ್ಲಿ. ಹಿಂದೆ ಕೆಡವಿದ್ದ ದಕ್ಷಿಣದ ದ್ವಾರಮಂಟಪವನ್ನು ಮತ್ತೆ ಹಳೆಯ ರೀತಿಯಲ್ಲೇ ಕಟ್ಟುವಾಗ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲಿನ ಬದಲು ಫ್ರಾನ್ಸಿನ ಸುಣ್ಣಕಲ್ಲು ಬಂತು. ಬಣ್ಣ ಹೊಂದಲಿಲ್ಲ, ದೊಡ್ಡ ರಂಪವಾಯಿತು. ಹಳೆಯದನ್ನು ಅನುಕರಿಸಲು ಹೋದ ಕಡೆಯೇ ಕಣ್ಣು ತಪ್ಪನ್ನು ಮೊದಲು ಹಿಡಿಯಿತು.

ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯದು ಇನ್ನೊಂದು ಕಥೆ. 1838ರ ಆ ಕಟ್ಟಡದ ಪಕ್ಕಕ್ಕೆ ಯೋಜಿಸಿದ್ದ ಆಧುನಿಕ ವಿಸ್ತರಣೆಯನ್ನು ಆಗಿನ ಯುವರಾಜ ಚಾರ್ಲ್ಸ್ 1984ರಲ್ಲಿ ಚೆಲುವಾದ ಮುಖದ ಮೇಲಿನ ಕುರುವಿಗೆ ಹೋಲಿಸಿದರು. ಆ ಯೋಜನೆ ಅಲ್ಲಿಗೇ ನಿಂತಿತು. ಆಮೇಲೆ ಅಮೆರಿಕದ ರಾಬರ್ಟ್ ವೆಂಚೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ದಂಪತಿ ಕಟ್ಟಿದ ಸೇನ್ಸ್‌ಬರಿ ವಿಭಾಗ 1991ರಲ್ಲಿ ತೆರೆಯಿತು. ಹಳೆಯ ಕಟ್ಟಡದ ಗೋಡೆಗಂಬಗಳನ್ನೇ ಹೊಸ ಗೋಡೆಯ ಮೇಲೂ ತಂದು, ಹತ್ತಿರದಲ್ಲಿ ಒತ್ತೊತ್ತಾಗಿಟ್ಟು, ದೂರ ಸರಿದಂತೆ ವಿರಳಗೊಳಿಸಿ ಕೊನೆಗೆ ಇಲ್ಲವಾಗಿಸಿದ್ದಾರೆ. ಹಳೆಯದು ಮೆಲ್ಲಗೆ ಮಾತು ಮುಗಿಸಿ ಹೊಸದಕ್ಕೆ ಜಾಗ ಬಿಟ್ಟಂತೆ.

ಆದರೆ ಒಳಗಿನ ಮೊಗಸಾಲೆಯಲ್ಲಿ ಭಾರ ಹೊರದ, ತೋರಿಕೆಯ ಕಂಬಗಳೂ ಇದ್ದವು. 2023ರಲ್ಲಿ ಪ್ರವೇಶದ ಜಾಗವನ್ನು ಮತ್ತೆ ವಿಸ್ತರಿಸಲು ಅಂಥ ಒಂದು ಕಂಬವನ್ನು ಒಡೆದಾಗ ಒಳಗೊಂದು ಕಾಗದ ಸಿಕ್ಕಿತು. ಬರೆದದ್ದು 1990ರಲ್ಲಿ, ಬರೆದವರು ಈ ವಿಭಾಗಕ್ಕೆ ಹಣ ಕೊಟ್ಟ ಸಹೋದರರಲ್ಲಿ ಒಬ್ಬರಾದ ಜಾನ್ ಸೇನ್ಸ್‌ಬರಿ. ಈ ಸುಳ್ಳು ಕಂಬಗಳು ವಾಸ್ತುಶಿಲ್ಪಿಯ ತಪ್ಪು, ಇವನ್ನು ನೀವು ಕಿತ್ತುಹಾಕುತ್ತಿರುವುದು ನನಗೆ ಬಹಳ ಸಂತೋಷ ಎಂಬುದು ಅದರ ತಾತ್ಪರ್ಯ! ಓದುವ ಹೊತ್ತಿಗೆ ಬರೆದವರು ತೀರಿಕೊಂಡಿದ್ದರು. ಇನ್ನೊಂದು ಕಡೆ, 2018ರ ಹೊತ್ತಿಗೆ ಈ ವಿಭಾಗವೇ ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡವಾಗಿತ್ತು. ಆದ್ದರಿಂದ ಅದನ್ನು ಮುಟ್ಟುವುದಕ್ಕೂ ವಿರೋಧ ಬಂತು. 2025ರ ಮೇ ತಿಂಗಳಲ್ಲಿ ಹೊಸ ರೂಪದಲ್ಲಿ ತೆರೆದ ಅದು ಈಗ ಇಡೀ ಗ್ಯಾಲರಿಯ ಮುಖ್ಯ ಬಾಗಿಲು. ನಿನ್ನೆ ಹೊಸದೆಂದು ಜಗಳವಾಡಿದ್ದು ಮೂವತ್ತೇ ವರ್ಷಗಳಲ್ಲಿ ಹಳೆಯದಾಗಿ ಕಾಪಾಡಿಕೊಳ್ಳಬೇಕಾದ ಸ್ವತ್ತಾಯಿತು.

ನಮ್ಮಲ್ಲಿ

ಬೆಂಗಳೂರಿನವರು ಇಂಥ ಜೋಡಣೆ ನೋಡಲು ವಿಮಾನ ಏರಬೇಕಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ ತೆರೆಯಿತು. ಇದು ದೆಹಲಿ, ಮುಂಬೈಗಳ ನಂತರದ ಮೂರನೆಯದು. ಮುಂದೆ ಹಳೆಯ ಬಂಗಲೆ; ಅದರ ಕೋಣೆಗಳಲ್ಲಿ ಪ್ರದರ್ಶನಕ್ಕೆ ಒದಗುವ ಜಾಗ ಸುಮಾರು 500 ಚದರ ಮೀಟರ್. ಅದರ ಎರಡು ಪಟ್ಟಿಗೂ ಮಿಕ್ಕ, ಸುಮಾರು 1,260 ಚದರ ಮೀಟರಿನ ಹೊಸ ಗ್ಯಾಲರಿಯನ್ನು ಸೇರಿಸಿದ್ದಾರೆ. ಆದರೂ ಆವರಣ ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಬಂಗಲೆ ಮತ್ತು ಮರಗಳು. ಗಾತ್ರದಲ್ಲಿ ದೊಡ್ಡದಾದದ್ದು ಮರ್ಯಾದೆಯಲ್ಲಿ ಹಿಂದೆ ನಿಂತಿದೆ. ಮನೆಗೆ ಬಂದ ಸೊಸೆ ಹಿರಿಯರೆದುರು ತುಸು ಹಿಂದೆ ಸರಿದು ನಿಲ್ಲುತ್ತಿದ್ದಳಲ್ಲ, ಆ ರೀತಿ.

ದೆಹಲಿಯಲ್ಲಿ 2024ರ ಜುಲೈನಲ್ಲಿ ತೆರೆದ ಹುಮಾಯೂನ್ ಸಮಾಧಿಯ ಸಂಗ್ರಹಾಲಯ ಲೂವ್ರ್‌ನಂತೆ ನೆಲಕ್ಕಿಳಿದಿದೆ. ಆದರೆ ಅದಕ್ಕೆ ಮಾದರಿಯಾದದ್ದು ಉತ್ತರ ಭಾರತದ ಬಾವಲಿ, ಅಂದರೆ ಮೆಟ್ಟಿಲುಬಾವಿ. ಹದಿನಾರನೇ ಶತಮಾನದ ಸಮಾಧಿಯ ಗುಮ್ಮಟಕ್ಕೆ ಅಡ್ಡಬರದೆ, ಪಕ್ಕದ ಸುಂದರ್ ನರ್ಸರಿ ಉದ್ಯಾನಕ್ಕೂ ಸಮಾಧಿಗೂ ಅದು ದಾರಿಯಾಗಿದೆ. ಹಳೆಯದರ ಪಕ್ಕ ತಗ್ಗಿ ನಿಲ್ಲುವ ಉಪಾಯ ನಮ್ಮ ನೆಲದಲ್ಲೇ ಇತ್ತು ಎಂಬುದಕ್ಕೆ ಇದು ನಿದರ್ಶನ.

ಸೋರುವ ಜಾಗ

ಮತ್ತೆ ಪ್ಯಾರಿಸ್ಸಿಗೆ ಬರೋಣ. ಪಿರಮಿಡ್ ಗೆದ್ದಿತು ನಿಜ. ಅತಿಯಾಗಿ ಗೆದ್ದಿತು ಎನ್ನುವುದೇ ಮುಂದಿನ ತೊಂದರೆ. ವರ್ಷಕ್ಕೆ ಸುಮಾರು 40 ಲಕ್ಷ ಜನರ ಲೆಕ್ಕದಲ್ಲಿ ಮಾಡಿದ ಬಾಗಿಲಿಗೆ 2018ರಲ್ಲಿ ಬಂದವರು ಒಂದು ಕೋಟಿ ಎರಡು ಲಕ್ಷ. 2024ರಲ್ಲಿ ಸುಮಾರು 87 ಲಕ್ಷ. ಎಲ್ಲ ದಾರಿಗಳನ್ನೂ ಒಂದೇ ಬಾಗಿಲಿಗೆ ತಂದು ಕೂಡಿಸಿದ್ದು ಪೇ ಅವರ ಜಾಣ್ಮೆ. ಎಲ್ಲರೂ ಒಂದೇ ಬಾಗಿಲಲ್ಲಿ ಕಿಕ್ಕಿರಿಯುವುದು ಅದೇ ಜಾಣ್ಮೆಯ ಇನ್ನೊಂದು ಮುಖ. ಬೇಸಿಗೆಯಲ್ಲಿ ಗಾಜಿನಡಿಯ ಹಜಾರ ಕಾದ ಹಂಡೆಯಾಗುತ್ತದೆ, ಗದ್ದಲ ಪ್ರತಿಧ್ವನಿಸುತ್ತದೆ, ಕಟ್ಟಡದಲ್ಲಿ ಅಲ್ಲಲ್ಲಿ ನೀರು ಸೋರುತ್ತದೆ ಎಂದು ಸಂಗ್ರಹಾಲಯದ ಮುಖ್ಯಸ್ಥರೇ ಸರಕಾರಕ್ಕೆ ಬರೆದ ಟಿಪ್ಪಣಿ 2025ರ ಜನವರಿಯಲ್ಲಿ ಬಹಿರಂಗವಾಯಿತು. ಅದೇ ತಿಂಗಳು ಅಧ್ಯಕ್ಷ ಇಮಾನ್ಯುಯಲ್ ಮ್ಯಾಕ್ರಾನ್, ಪೂರ್ವದ ಕಂಬಸಾಲಿನ ಕಡೆ 2031ರ ಹೊತ್ತಿಗೆ ಇನ್ನೊಂದು ಹೆಬ್ಬಾಗಿಲು ತೆರೆಯುವುದಾಗಿಯೂ ಮೋನಾ ಲೀಸಾಗೆ ಪ್ರತ್ಯೇಕ ಕೋಣೆ ಕಟ್ಟುವುದಾಗಿಯೂ ಘೋಷಿಸಿದರು.

ಪೇ 2019ರಲ್ಲಿ ತಮ್ಮ 102ನೇ ವಯಸ್ಸಿನಲ್ಲಿ ನಿಧನರಾದರು. ಅವರ ಪಿರಮಿಡ್ ಈಗ ಹೊಸದಲ್ಲ. ಮುಂದೆ ಕಟ್ಟುವವರು ಫಿಲಿಪ್ ದೊರೆಯ ಕೋಟೆ, ಹದಿನಾಲ್ಕನೇ ಲೂಯಿಯ ಕಂಬಸಾಲು, ಪೇ ಅವರ ಗಾಜು ಮೂರನ್ನೂ ಹಿರಿಯರೆಂದೇ ಭಾವಿಸಿ ಅವುಗಳ ನಡುವೆ ದಾರಿ ಹುಡುಕಬೇಕು.

ನಮ್ಮ ಊರುಗಳ ಹಳೆಯ ಸಂಗ್ರಹಾಲಯಗಳಿಗೂ ಇಂದಲ್ಲ ನಾಳೆ ಹೊಸ ಕಟ್ಟಡಗಳು ಬರುತ್ತವೆ. ಹೊಸದು ಚೆನ್ನಾಗಿ ಕಾಣುತ್ತದೆಯೇ ಎಂಬ ಚರ್ಚೆ ಆಗ ತಾನಾಗಿಯೇ ನಡೆಯುತ್ತದೆ. ಅದರ ಜೊತೆಗೆ ಇನ್ನೂ ಕೆಲವನ್ನು ಕೇಳಬೇಕು. ಹಳ್ಳಿಯ ಶಾಲೆಯಿಂದ ಪ್ರವಾಸ ಬಂದ ಮಕ್ಕಳು ಯಾವ ಬಾಗಿಲಿಂದ ಒಳಗೆ ಹೋಗುತ್ತಾರೆ? ಮೊದಲ ಹತ್ತು ಹೆಜ್ಜೆಗಳಲ್ಲಿ ಏನು ನೋಡುತ್ತಾರೆ? ಹೊಸ ಕೋಣೆಯಿಂದ ಹಳೆಯ ಕೋಣೆಗೆ ದಾಟುವಾಗ ತಾವು ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಹೋದೆವೆಂದು ಅವರಿಗೆ ತಿಳಿಯುತ್ತದೆಯೇ? ಕಟ್ಟಡ ಮೇಲೇಳುವ ಮೊದಲೇ ನಾಲ್ಕು ಹಗ್ಗ ಕಟ್ಟಿಯಾದರೂ ಜನರಿಗೆ ತೋರಿಸಿ, ಈ ಪ್ರಶ್ನೆಗಳನ್ನು ಕೇಳಿಸಿಕೊಂಡರೆ ಒಳ್ಳೆಯದು.